ಕರಿಹೊಂಡದ ಕತ್ತರಿಕಾಳಗ

ನಾಲಗೆಯ ತುದಿಯಲ್ಲಿ ನೆಲೆಸಿ ಸುಳ್ಳನ್ನೂ ಸತ್ಯವನ್ನೂ ಒಂದೇ ರಾಗದಲ್ಲಿ ಹಾಡಿಸಬಲ್ಲ ಎಲೆ ತಾಯೆ ವಾಗ್ದೇವಿಯೆ, ಬಾ, ಕುಳಿತುಕೊ. ಗದೆಯೆತ್ತಿದವರ, ಬಿಲ್ಲು ಬಗ್ಗಿಸಿದವರ, ಕಡಲಿಗೆ ಸೇತುವೆ ಕಟ್ಟಿದವರ ಕಥೆಗಳನ್ನು ನೀನು ಬೇಕಾದಷ್ಟು ಹಾಡಿಸಿದ್ದೀಯೆ. ಇಂದು ಈ ಬಡ ಕಥೆಗಾರನ ಗಂಟಲಿಗಿಳಿದು ಕಲಿಯುಗದ ಆ ಮಹಾಮುಹೂರ್ತವನ್ನು ಹಾಡಿಸು: ಯಾವ ಮುಹೂರ್ತದಲ್ಲಿ ಪೀಠಾರೂಢರೂ ವಂಶಪಾರಂಪರ್ಯಪ್ರಾಪ್ತರೂ ಜಮಾತ್‌ಪ್ರತಿಷ್ಠಿತರೂ ಬಿಷಪ್‌ನಿಯುಕ್ತರೂ ಆದ ನಾಲ್ವರು ಧರ್ಮಧುರಂಧರರು, ಇಹಲೋಕದ ಮಾನಾಪಮಾನಗಳೆಲ್ಲ ಮಿಥ್ಯೆಯೆಂದು ವಾರವಾರವೂ ಉಪದೇಶಿಸುವ ತಮ್ಮ ನಾಲಗೆಗಳನ್ನೇ ಖಡ್ಗಗಳನ್ನಾಗಿ ಮಸೆದು, ಮಾರುದ್ದದ ಒಂದು ಕೆಂಪು ರಿಬ್ಬನ್ನಿನ ಮುಂದೆ, ಗೇಣುದ್ದದ ಒಂದು ಕತ್ತರಿಗಾಗಿ, ಹಿಂದೆಂದೂ ಯಾರೂ ಕಾದದಂತೆ ಕಾದಿದರೋ, ಆ ಮುಹೂರ್ತವನ್ನು. ಕೃತಯುಗದಲ್ಲಿ ಧರ್ಮವು ನಾಲ್ಕು ಕಾಲುಗಳ ಮೇಲೆ ನಿಂತಿತ್ತು, ಕಲಿಯುಗದಲ್ಲಿ ಒಂಟಿಕಾಲಿನಲ್ಲಿ ಕುಂಟುತ್ತಿದೆ ಎಂದು ಬಲ್ಲವರು ಹೇಳುತ್ತಾರೆ. ಕರಿಹೊಂಡ ಪಟ್ಟಣದಲ್ಲಿ ಮಾತ್ರ ಅದಕ್ಕೆ ಈಗಲೂ ನಾಲ್ಕು ಕಾಲುಗಳಿವೆ. ನಾಲ್ಕೂ ತಾವೇ ಮುಂಗಾಲಾಗಬೇಕೆಂದು ಹಟ ಹಿಡಿದಿವೆ, ಅಷ್ಟೇ.

ರಣಭೂಮಿಯ ವರ್ಣನೆಯಿಲ್ಲದೆ ವೀರಗಾಥೆಯಿಲ್ಲ. ಪೂರ್ವದಲ್ಲಿ ಹೊಂಡದಮಠದ ಹೆಬ್ಬಾಗಿಲು, ಪಶ್ಚಿಮದಲ್ಲಿ ಜಾಮಿಯಾ ಮಸೀದಿಯ ಹಸಿರು ಮಿನಾರು, ಉತ್ತರದಲ್ಲಿ ಲಕ್ಷ್ಮೀನಾರಾಯಣನ ಗುಡಿಯ ಗೋಪುರ, ದಕ್ಷಿಣದಲ್ಲಿ ಚರ್ಚಿನ ಶಿಲುಬೆ, ಹೀಗೆ ನಾಲ್ಕು ದಿಕ್ಕುಗಳ ನಾಲ್ಕು ಮೈಕುಗಳ ಶಬ್ದರಕ್ಷಣೆಯಲ್ಲಿರುವ ಸಂತೆಚೌಕದ ನಟ್ಟನಡುವೆ, ಬಿಳಿಯ ಟೈಲ್ಸುಗಳಿಂದ ಕ್ಷೀರಸಾಗರದ ತುಂಡೊಂದು ಹೆಪ್ಪುಗಟ್ಟಿದಂತೆ ಹೊಳೆಯುತ್ತ, ಹೊಸ ಕಬ್ಬಿಣದ ಗೇಟಿನಿಂದ ಶತ್ರುದುರ್ಭೇದ್ಯವಾಗಿ, ಆಚಂದ್ರಾರ್ಕಸ್ಥಾಯಿಯಾಗಿ ಆ ಮಹಾಸೌಧ ನಿಂತಿತ್ತು. ಅದು ಶೌಚಾಲಯ. ಪಟ್ಟಣ ಪಂಚಾಯಿತಿಯವರು ಕಟ್ಟಿಸಿದ ಸಾರ್ವಜನಿಕ ಶೌಚಾಲಯ, ಗೇಟಿನೊಳಗೆ ಎಡಕ್ಕೆ ಗಂಡಸರಿಗೆ, ಬಲಕ್ಕೆ ಹೆಂಗಸರಿಗೆ. ಕಟ್ಟಿ ಮುಗಿದು ಒಂದು ಮಳೆಗಾಲ, ಒಂದು ಚಳಿಗಾಲ ಕಳೆದಿದ್ದರೂ ಗೇಟಿಗೆ ಬೀಗ. ಯಾಕೆಂದರೆ ಉದ್ಘಾಟನೆ ಆಗಿರಲಿಲ್ಲ.

ಹಾಲಿ ಶಾಸಕರೇ ಬರಬೇಕೆಂದು ಪಂಚಾಯಿತಿಯ ಅರ್ಧ ಸದಸ್ಯರು, ಮಾಜಿ ಶಾಸಕರೇ ಬರಬೇಕೆಂದು ಇನ್ನರ್ಧ ಸದಸ್ಯರು ಜಗ್ಗಾಡುತ್ತಿದ್ದರು. ಕಡತಕೋಟಿಪರಿಪಾಲಕರೂ ವರ್ಗಾವಣಾಭೀತಮಾನಸರೂ ಆದ ಮುಖ್ಯಾಧಿಕಾರಿ ಗುರುನಾಥ ತೆಗ್ಗಿನಮನಿ ಬಹುಕಾಲ ಚಿಂತಿಸಿ ಒಂದು ಉಪಾಯ ಕಂಡುಕೊಂಡರು. ರಾಜಕಾರಣಿಗಳು ಬೇಡವೇ ಬೇಡ, ಚೌಕದ ನಾಲ್ಕೂ ಧರ್ಮದ ಗುರುಗಳನ್ನು ಕರೆದುಬಿಡೋಣ, ಅವರು ಶಾಂತಿಯ ಜನ, ಜಗಳದ ಮಾತೇ ಬರುವುದಿಲ್ಲ. ಸರಕಾರಿ ನೌಕರಿಯಲ್ಲಿ ತಲೆ ನರೆಸಿದ ಮನುಷ್ಯ ಇಷ್ಟು ಮುಗ್ಧನಾಗಿ ಉಳಿದದ್ದು ಹೇಗೋ ನನಗೆ ಇವತ್ತಿಗೂ ತಿಳಿಯದು.

ಇನ್ನು ಈ ಗಾಥೆಯಲ್ಲಿ ಯಾವ ಬಿರುದೂ ಇಲ್ಲದವಳು ಒಬ್ಬಳಿದ್ದಾಳೆ. ಅವಳ ಹೆಸರು ಫಕೀರವ್ವ. ಆ ಬಿಳಿಯ ಗೋಡೆಗೆ ಬೆನ್ನು ಹಚ್ಚಿ ಕೂತು ಮೆಂತ್ಯ, ಪುಂಡಿ, ರಾಜಗಿರಿ ಸೊಪ್ಪು ಮಾರುತ್ತಾಳೆ. ಸಂತೆಯ ಉಳಿದ ಹೆಂಗಸರ ಹಾಗೆ ಅವಳೂ ನಸುಕಿನಲ್ಲಿ ಮನೆ ಬಿಟ್ಟರೆ ಕತ್ತಲಾಗುವವರೆಗೆ ಗುಟುಕು ನೀರು ಕುಡಿಯುವವಳಲ್ಲ. ಕುಡಿದರೆ ಹೋಗುವುದೆಲ್ಲಿ? ಗಂಡಸರಿಗಾದರೆ ಊರ ತುಂಬ ಗೋಡೆಗಳಿವೆ. ಹೀಗೆ ವರ್ಷಗಟ್ಟಲೆ ಗಂಟಲು ಒಣಗಿಸಿಕೊಂಡದ್ದಕ್ಕೆ ಅವಳಿಗೆ ಉರಿಮೂತ್ರ ಹತ್ತಿತ್ತು, ಸೊಂಟದ ಹಿಂದೆ ಚಳಕು ಹೊಡೆಯುತ್ತಿತ್ತು. "ನೀರು ಕುಡೀಲಿಲ್ಲಂದ್ರ ಕಿಡ್ನಿ ಕೆಟ್ಟು ಹೋಗ್ತಾವು ನೋಡವ್ವ" ಎಂದು ಸರಕಾರಿ ದವಾಖಾನೆಯ ಡಾಕ್ಟರಮ್ಮ ಗದರಿಸಿ ಗುಳಿಗೆ ಕೊಟ್ಟಿದ್ದಳು. ಗುಳಿಗೆಯ ಜೊತೆಗೆ ಕೊಡಲು ಆಕೆಯ ಹತ್ತಿರವೂ ಶೌಚಾಲಯ ಇರಲಿಲ್ಲ.

ಹಿಂದಿನ ದಿನ ಆಟೋ ಒಂದು ಮೈಕು ಕಟ್ಟಿಕೊಂಡು, ನಾಳೆ ಮುಂಜಾನೆ ಹತ್ತು ಗಂಟೆಗೆ ಸರ್ವಧರ್ಮ ಗುರುಗಳ ಅಮೃತಹಸ್ತದಿಂದ ಉದ್ಘಾಟನೆ ಎಂದು ಊರೆಲ್ಲ ಕೂಗಿಕೊಂಡು ಹೋಗಿತ್ತು. ಫಕೀರವ್ವ ಅದನ್ನು ನಂಬಿದಳು. ನಂಬಿ, ಆ ಬೆಳಿಗ್ಗೆ ಸಂತೆಯಲ್ಲಿ ಕೂತವಳು, ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ಒಂದು ಚೆಂಬು ಮಜ್ಜಿಗೆಯನ್ನು ಗಟಗಟನೆ ಕುಡಿದುಬಿಟ್ಟಳು. ಓದುಗ ಮಹಾಶಯರು ಆ ಚೆಂಬನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಪರಾಕ್ರಮಗಳನ್ನು ಕೇಳಬೇಕು.

ಈಗ ವೀರರ ಆಗಮನ. ಪೂರ್ವದಿಂದ, ಮಠದ ಬಾಗಿಲಿಗೂ ಚೌಕಕ್ಕೂ ಕೂಗಳತೆಯಷ್ಟೇ ದೂರವಿದ್ದರೂ ದೊಡ್ಡ ಬಿಳಿ ಕಾರನ್ನೇರಿ, ಕಾಷಾಯಕಾಂತಿಕಲಾಪಶೋಭಿತರೂ ಪಾದಪೂಜಾಪರಿಶ್ರಾಂತಚರಣರೂ ಸನ್ಮಾನಶಾಲುಭಾರಾವನತಸ್ಕಂಧರೂ ಆದ ಶ್ರೀ ರುದ್ರಮುನಿ ಸ್ವಾಮಿಗಳು ಬಿಜಯಂಗೈದರು. ಉತ್ತರದಿಂದ, ನೆಲದ ಮೇಲಿನ ಪ್ರತಿಯೊಂದು ಸಿಪ್ಪೆಯನ್ನೂ ಎಂಜಲೆಂದೇ ಶಂಕಿಸಿ ಕೊಕ್ಕರೆಯ ಹಾಗೆ ಕಾಲೆತ್ತಿ ಇಡುತ್ತ, ಆಗರ್ಭಾರ್ಚಕರೂ ಮಡಿವಸ್ತ್ರಮಾತ್ರಸ್ಪರ್ಶಸಹಿಷ್ಣುಗಳೂ ಆದ ಲಕ್ಷ್ಮೀನಾರಾಯಣ ಗುಡಿಯ ಪ್ರಹ್ಲಾದಾಚಾರ್ ಕಟ್ಟಿ ಬಂದರು. ಮಡಿಯಲ್ಲಿ ಶೌಚಾಲಯಕ್ಕೆ ಬರುವುದು ಹೇಗೆಂದು ಮುಖ್ಯಾಧಿಕಾರಿ ಅಂಜುತ್ತ ಕೇಳಿದಾಗ, ಉದ್ಘಾಟನೆ ಆಗುವವರೆಗೂ ಅದು ಬರೀ ಕಟ್ಟಡ, ಮೈಲಿಗೆ ಉದ್ಘಾಟನೆಯ ಆಚೆಗೆ ಸುರುವಾಗುತ್ತದೆ ಎಂದು ಅವರು ಶಾಸ್ತ್ರನಿರ್ಣಯ ಕೊಟ್ಟಿದ್ದರು. ಪಶ್ಚಿಮದಿಂದ, ಯಾರದೋ ಸ್ಕೂಟರಿನ ಹಿಂದೆ ಕೂತು, ಅತ್ತರುಸುಗಂಧದಿಗಂತವ್ಯಾಪಿಗಳೂ ಪ್ರತಿವಾಕ್ಯಾಂತಶ್ಮಶ್ರುಸವರಣಧುರೀಣರೂ ಆದ ಮಸೀದಿಯ ಇಮಾಮರು, ಮೌಲಾನಾ ಖಲೀಲುರ್ರಹಮಾನ್ ಸಾಹೇಬರು ಇಳಿದರು. ದಕ್ಷಿಣದಿಂದ ಶ್ವೇತನಿಲುವಂಗಿವಿರಾಜಿತರೂ ಸಮಯಪಾಲನಾಗರ್ವಿಷ್ಠರೂ ಆದ ಫಾದರ್ ಬೊನಿಫಾಸ್ ಕುಟಿನ್ಹೊ ಎಲ್ಲರಿಗಿಂತ ಮೊದಲೇ ಬಂದು, ಉಳಿದವರು ಬಂದಾಗಲೆಲ್ಲ ಕೈಗಡಿಯಾರ ನೋಡಿಕೊಂಡರು. ಅವರು ಕರಾವಳಿಯ ಕಡೆಯವರು, ಕರಿಹೊಂಡದ ಬಿಸಿಲಿಗೂ ಭಾಷೆಗೂ ಇನ್ನೂ ಹೊಂದಿಕೊಂಡಿರಲಿಲ್ಲ.

ಮುಖ್ಯಾಧಿಕಾರಿ ನಾಲ್ವರಿಗೂ ಒಂದೊಂದು ಎಳನೀರು ಕೊಡಿಸಿದರು. ಬಿಸಿಲು ಬಹಳ, ಇನ್ನೊಂದಿರಲಿ ಎಂದರು ಸ್ವಾಮಿಗಳು. ಸ್ವಾಮಿಗಳಿಗೆ ಎರಡಾದ ಮೇಲೆ ಆಚಾರ್ಯರಿಗೆ ಒಂದೇ ಆದರೆ ಸಂಪ್ರದಾಯಕ್ಕೆ ಏನು ಬೆಲೆ? ಮೌಲಾನಾ ಬೇಡ ಬೇಡವೆನ್ನುತ್ತಲೇ ಕೈ ಚಾಚಿದರು. ಫಾದರು ಎರಡನೆಯದನ್ನು ನಗುನಗುತ್ತ ಮುಗಿಸಿ ಮೂರನೆಯದಕ್ಕೆ ಕಣ್ಣು ಹಾಯಿಸಿದರು, ಆಗ ಉಳಿದ ಮೂವರೂ ಅವರ ಜೊತೆಗೆ ಮೂರನೆಯದನ್ನು ಕೆತ್ತಿಸಿದರು. ಗೌರವದಲ್ಲಿ ಯಾರೂ ಯಾರಿಗೂ ಕಡಿಮೆಯಾಗಲಿಲ್ಲ.

ಆಮೇಲೆ ಹಿತ್ತಾಳೆಯ ಹರಿವಾಣ ಬಂತು. ಅದರಲ್ಲಿ ಒಂದು ಹೊಸ ಕತ್ತರಿ, ಪಕ್ಕದಲ್ಲಿ ಗೇಟಿನ ಕೀಲಿ. "ಎಲ್ಲಾರೂ ಕೂಡೇ ಒಂದು ಕೈ ಹಚ್ಚಿಬಿಡ್ರಿ" ಎಂದರು ಮುಖ್ಯಾಧಿಕಾರಿ. ಕತ್ತರಿಗಿರುವುದು ಎರಡೇ ಉಂಗುರ, ಹೆಬ್ಬೆರಳಿಗೊಂದು, ಮಿಕ್ಕ ಬೆರಳಿಗೊಂದು. ನಾಲ್ಕು ಧರ್ಮಗಳನ್ನು ಹಿಡಿಸುವ ಕತ್ತರಿಯನ್ನು ಈ ಲೋಕದಲ್ಲಿ ಇನ್ನೂ ಯಾವ ಕಮ್ಮಾರನೂ ಬಡಿದಿಲ್ಲ. ಹೆಬ್ಬೆರಳು ಯಾರದು ಎಂಬ ಪ್ರಶ್ನೆಯೆದ್ದಿತು, ಕಾಳಗ ಅಲ್ಲಿಂದ ಸುರುವಾಯಿತು.

ಮುಂದೆ ಬರುವ ಮಾತುಗಳನ್ನು ಅವರು ಇದೇ ಶಬ್ದಗಳಲ್ಲಿ ಆಡಲಿಲ್ಲ. ಆದರೆ ಆಡುವಾಗ ಅವರ ಮುಖದ ಮೇಲಿದ್ದ ಭಾಷೆ ಇದೇ, ಆದ್ದರಿಂದ ನಾನು ಇದನ್ನೇ ಬರೆಯುತ್ತೇನೆ.

ಮೊದಲು ಸ್ವಾಮಿಗಳು ರುದ್ರಾಕ್ಷಿಯ ಸರವನ್ನು ಎದೆಯ ಮೇಲೆ ನೆಟ್ಟಗೆ ಮಾಡಿಕೊಂಡು ಗುಡುಗಿದರು: "ಎಲೈ ಅಧಿಕಾರಿಯೆ, ಕೇಳು. ದೀಪದಿಂದ ದೀಪ ಹೊತ್ತಿದಂತೆ ಗುರುವಿನಿಂದ ಗುರುವಿಗೆ ಇಳಿದು ಬಂದ ಪೀಠ ನಮ್ಮದು. ಹಿಂದಿನ ಗುರುಗಳು ಲಿಂಗೈಕ್ಯರಾಗುವ ಮುನ್ನ ಬೆರಳೆತ್ತಿ ತೋರಿಸಿದ್ದು ನಮ್ಮನ್ನೇ. ಪಟ್ಟಗಟ್ಟಿದ ದಿನದಿಂದ ನಮ್ಮ ಮಾತೇ ಶಾಸನ. ನಾವು ಎದ್ದರೆ ಊರು ಏಳುವುದು, ನಾವು ಕುಳಿತರೆ ಊರು ಕುಳಿತುಕೊಳ್ಳುವುದು. ಪೀಠವಿರುವಾಗ ಕತ್ತರಿಯು ಅನ್ಯರ ಕೈಗೆ ಹೋಗುವುದುಂಟೆ?" ಹಿಂದಿನ ಗುರುಗಳ ಬೆರಳು ತೋರಿಸಿದ್ದು ಇವರನ್ನೋ, ಇವರ ಬೆನ್ನ ಹಿಂದಿದ್ದ ನೀರಿನ ತಂಬಿಗೆಯನ್ನೋ ಎಂಬ ದಾವೆ ಇನ್ನೂ ಕೋರ್ಟಿನಲ್ಲಿದೆ.

ಆಚಾರ್ಯರು ಮೂಗಿನ ಹೊಳ್ಳೆಗಳನ್ನು ಅರಳಿಸಿ ನುಡಿದರು: "ಪಟ್ಟವನ್ನು ಯಾರಿಗಾದರೂ ಕಟ್ಟಬಹುದು, ಹುಟ್ಟನ್ನು ಯಾರು ಕಟ್ಟಬಲ್ಲರು? ಬೇರೆಯವರು ಕಲಿತು ಗುರುಗಳಾಗುತ್ತಾರೆ, ನಾವು ತೊಟ್ಟಿಲಲ್ಲಿ ಬಿದ್ದುಕೊಂಡೇ ಅರ್ಚಕರಾದವರು. ನಮ್ಮ ತಾತಂದಿರಲ್ಲದೆ ಬೇರೆಯವರ ಕೈಯಿಂದ ಲಕ್ಷ್ಮೀನಾರಾಯಣನು ಒಂದು ತುಳಸಿದಳವನ್ನೂ ಮುಡಿದವನಲ್ಲ. ದೇವರೇ ನಮ್ಮ ಕೈ ಕಾಯುತ್ತಿರುವಾಗ ಈ ಯಃಕಶ್ಚಿತ್ ರಿಬ್ಬನ್ನು ಕಾಯದೆ ಏನು ಮಾಡೀತು?"

ಆಗ ಮೌಲಾನಾ ಗಡ್ಡ ಸವರಿ, ಕಣ್ಣನ್ನು ಅರೆ ಮುಚ್ಚಿ, ಮೃದುವಾದ ದನಿಯಲ್ಲಿ ಇರಿದರು: "ನಮ್ಮಲ್ಲಿ ಪೀಠವಿಲ್ಲ, ಪಟ್ಟವಿಲ್ಲ, ಹುಟ್ಟಿನ ಹಕ್ಕೆಂಬುದು ಮೊದಲೇ ಇಲ್ಲ. ಸುಲ್ತಾನನೂ ಹಮಾಲನೂ ಹೆಗಲಿಗೆ ಹೆಗಲು ಹಚ್ಚಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಓದಿ ತಿಳಿದವನು ಮುಂದೆ ನಿಂತು ನಮಾಜು ನಡೆಸುತ್ತಾನೆ. ಯಾರೂ ಯಾರಿಗಿಂತಲೂ ಮೇಲಲ್ಲವೆಂದು ಲೋಕಕ್ಕೆ ಸಾರಿದವರು ನಾವು. ಆದಕಾರಣ ಎಲ್ಲರಿಗಿಂತ ಮೊದಲು ಕತ್ತರಿಯು ನಮ್ಮ ಕೈಗೇ ಬರತಕ್ಕದ್ದು."

ಫಾದರು ಎರಡೂ ಕೈಗಳನ್ನು ಜೋಡಿಸಿ ಆಕಾಶ ನೋಡಿದರು: "ನಿಮ್ಮದೆಲ್ಲ ಊರ ಮಟ್ಟಿನ ಅಧಿಕಾರ, ನನ್ನದು ಜಗದಗಲದ್ದು. ಏಳು ಕಡಲಾಚೆಯ ಮಹಾಗುರುವಿನಿಂದ ಬಿಷಪರಿಗೆ, ಬಿಷಪರಿಂದ ನನಗೆ, ಒಂದು ಕೊಂಡಿಯೂ ಕಳಚದೆ ಇಳಿದು ಬಂದ ಸರಪಳಿಯಿದು. ನಾನು ಕೈಯೆತ್ತಿದರೆ ಸರಪಳಿಗೆ ಸರಪಳಿಯೇ ಕೈಯೆತ್ತಿದಂತೆ. ಆದರೂ ನಾನು ಅಹಂಕರಿಸುವವನಲ್ಲ. ವಿನಯವೇ ನನ್ನ ವ್ರತ. ವಿನಯದಲ್ಲಿ ನನ್ನನ್ನು ಮೀರಿಸುವವರು ಈ ಚೌಕದಲ್ಲಿ ಯಾರಿದ್ದಾರೋ ಮುಂದೆ ಬರಲಿ."

ಯಾರೂ ಬರಲಿಲ್ಲ. ಬಂದದ್ದು ನಾಲ್ಕು ಬಲಗೈಗಳು, ಒಟ್ಟಿಗೆ, ಹರಿವಾಣದ ಕಡೆಗೆ. ಕಾವಿಯ ತೋಳು ಹಸಿರು ತೋಳಿಗೆ ತಗುಲಿ, ಬಿಳಿಯ ತೋಳು ಅವೆರಡರ ಅಡಿ ನುಸುಳಿ, ಬರಿಯ ತೋಳು ಮೂರನ್ನೂ ಮುಟ್ಟದೆ ಮೇಲಿಂದ ಇಳಿಯಲು ಹವಣಿಸಿ, ಮುಖ್ಯಾಧಿಕಾರಿಯ ಕೈಯಲ್ಲಿದ್ದ ಹರಿವಾಣ ಓರೆಯಾಗಿ, ದಿಕ್ಕುಗಳನ್ನು ನಡುಗಿಸುವ ಸದ್ದಿನೊಡನೆ ನೆಲಕ್ಕೆ ಬಿತ್ತು. ಕತ್ತರಿ ಒಂದು ಕಡೆ, ಕೀಲಿ ಒಂದು ಕಡೆ. ಗೋಡೆಯ ಮೇಲಿದ್ದ ಕಾಗೆಗಳು ಹಾರಿಹೋದವು, ಬಹುಶಃ ದೇವಲೋಕಕ್ಕೆ ಸುದ್ದಿ ಮುಟ್ಟಿಸಲು.

ಇನ್ನು ಬಗ್ಗಿ ಕತ್ತರಿಯೆತ್ತಿದವನೇ ಗೆದ್ದವನಾಗಬೇಕಿತ್ತು. ಆದರೆ ಈ ಯುದ್ಧದ ಧರ್ಮ ಬೇರೆ. ಕತ್ತರಿಯೆತ್ತಲು ಬಗ್ಗಿದವನು ಉಳಿದ ಮೂವರ ಪಾದಗಳ ಕಡೆಗೆ ಬಗ್ಗಿದಂತಾಗುತ್ತದೆ, ಆ ಗಳಿಗೆಯಲ್ಲಿ ಯಾವನಾದರೂ ಮೊಬೈಲಿನಲ್ಲಿ ಫೋಟೋ ಹೊಡೆದರೆ ಅದು ಊರೂರಿಗೆ ಹೋಗುತ್ತದೆ. ಇದು ನಾಲ್ವರಿಗೂ ಒಂದೇ ಕ್ಷಣದಲ್ಲಿ ಹೊಳೆಯಿತು. ನಾಲ್ವರೂ ಕಾಲ ಬಳಿ ಬಿದ್ದ ಕತ್ತರಿಯನ್ನು ನೋಡುತ್ತ, ಸೊಂಟವನ್ನು ನೆಟ್ಟಗೆ ಮಾಡಿಕೊಂಡು, ಕಂಬಗಳ ಹಾಗೆ ನಿಂತುಬಿಟ್ಟರು. ಮುಖ್ಯಾಧಿಕಾರಿಯೂ ಬಗ್ಗಲಿಲ್ಲ. ಎತ್ತಿದರೆ ಯಾರ ಕೈಗೆ ಕೊಡಬೇಕೆಂಬುದು ಅವರಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಫಕೀರವ್ವನ ಮಜ್ಜಿಗೆ ತನ್ನ ಕೆಲಸ ಸುರು ಮಾಡಿತ್ತು. ಹತ್ತು ಗಂಟೆ ಯಾವಾಗಲೋ ಆಗಿ ಹೋಗಿತ್ತು. ಅವಳು ಒಮ್ಮೆ ಕಾಲು ಮಡಚಿ ಕೂತಳು, ಒಮ್ಮೆ ಮೊಣಕಾಲೂರಿ ಕೂತಳು, ಕೊನೆಗೆ ಪಕ್ಕದವಳಿಗೆ ಸೊಪ್ಪು ನೋಡಿಕೊಳ್ಳಲು ಹೇಳಿ ಎದ್ದು ಬಂದಳು. ಉರಿ ಅವಳ ಹೊಟ್ಟೆಯ ಕೆಳಗೆ ಕೆಂಡದ ಹಾಗೆ ಕೂತಿತ್ತು.

"ಯಪ್ಪಾ, ಗೇಟು ಯಾವಾಗ ತೆರೀತೀರಿ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. "ಹತ್ತಕ್ಕಂತ ಹೇಳಿದ್ರಲ್ರಿ. ನನಗ ಭಾಳ ಅವಸರ ಐತ್ರಿ."

"ತಾಳ್ಮಿ ಇರಬೇಕವಾ. ತಾಳ್ಮಿನ ತಪಸ್ಸು" ಎಂದರು ಸ್ವಾಮಿಗಳು.

"ಪೂರ್ವಜನ್ಮದ್ದು ಇರ್ತದ ನೋಡು, ಅನುಭವಿಸೇ ತೀರಬೇಕು" ಎಂದರು ಆಚಾರ್ಯರು, ಒಂದು ಹೆಜ್ಜೆ ಹಿಂದೆ ಸರಿದು.

"ಸಬರ್ ಮಾಡಬೇಕಮ್ಮ. ಸಬರ್ ಮಾಡೋರ ಜೋಡಿ ಅಲ್ಲಾ ಇರ್ತಾನ" ಎಂದರು ಮೌಲಾನಾ.

"ಸಹನೆ ಉಂಟಲ್ಲ, ಅದು ದೊಡ್ಡ ಗುಣ ಮಾರಾಯ್ತಿ. ಪ್ರಾರ್ಥನೆ ಮಾಡು" ಎಂದರು ಫಾದರು.

ಬೆಳಿಗ್ಗೆಯಿಂದ ಒಂದು ಬೆರಳಿನಷ್ಟೂ ಹೊಂದಿಕೆಯಾಗದಿದ್ದ ನಾಲ್ಕು ಧರ್ಮಗಳು ಆ ಗಳಿಗೆಯಲ್ಲಿ ಒಂದೇ ಮಾತಿಗೆ ಬಂದವು. ಬೇರೆಯವರ ಮೂತ್ರವನ್ನು ತಡೆಹಿಡಿಯಲು ಹೇಳುವುದಕ್ಕೆ ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ನನಗೆ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಅವಳ ಮುಖ ನೋಡಿ ಮುಖ್ಯಾಧಿಕಾರಿ ತೆಗ್ಗಿನಮನಿಯವರ ಮನಸ್ಸು ಕರಗಿತು. ಕೈ ಮುಗಿದರು. "ನೋಡ್ರಿ, ಕೈ ಮುಗೀತೀನಿ. ಯಾರು ಕತ್ತರಿ ಹಿಡೀಬೇಕು ಅನ್ನೂದು ಬಿಡ್ರಿ. ನಿಮ್ಮೊಳಗ ಮೂರು ಮಂದಿ, ಆತಪಾ, ನಾಲ್ಕನೇದವ್ರು ಮಾಡ್ಲಿ, ಅಂತ ಒಂದು ಮಾತು ಅಂದ್ರ ಸಾಕು. ಬಿಟ್ಟುಕೊಟ್ಟವರ ಹೆಸರೂ ಕಲ್ಲಿನ ಮ್ಯಾಲ ಕೆತ್ತಸ್ತೀನಿ."

ಇಲ್ಲಿ, ಎಲೆ ವಾಗ್ದೇವಿಯೆ, ಸ್ವಲ್ಪ ನಿಲ್ಲು. ಯಾವ ವೀರಗಾಥೆಯಲ್ಲಿಯೂ ಕಂಡಿರದ ಘಟನೆ ನಡೆದದ್ದು ಇಲ್ಲಿಯೇ. ಯಾರ ಮಾತೇ ಶಾಸನವಾಗಿತ್ತೋ, ಯಾರ ಅಧಿಕಾರ ರಕ್ತದಲ್ಲಿತ್ತೋ, ಯಾರಿಗಿಂತ ಮೇಲೆ ಯಾರೂ ಇರಲಿಲ್ಲವೋ, ಯಾರ ಕೈಗೆ ಜಗದಗಲದ ಸರಪಳಿ ತಗುಲಿತ್ತೋ, ಆ ನಾಲ್ವರು ಮುಖ ಮುಖ ನೋಡಿಕೊಂಡರು. ಸ್ವಾಮಿಗಳು ಕೆಮ್ಮಿದರು.

"ಅದು ಹಂಗಲ್ರಿ. ಹಿಡೀಬೇಕು ಅನ್ನಾಕ ನಮಗ ಅಧಿಕಾರ ಐತಿ. ಬಿಟ್ಟುಕೊಡಾಕ ಇಲ್ಲ. ಮ್ಯಾಲ ಕೇಳಬೇಕು."

"ನಂದೂ ಹಂಗೇ ಅದ" ಎಂದರು ಆಚಾರ್ಯರು. ಮೌಲಾನಾ ತಲೆಯಾಡಿಸಿದರು. ಫಾದರು ಆಗಲೇ ನಿಲುವಂಗಿಯ ಜೇಬಿನಿಂದ ಮೊಬೈಲು ತೆಗೆದಿದ್ದರು.

ಪಾಂಚಜನ್ಯ, ದೇವದತ್ತಾದಿ ಶಂಖಗಳು ಮೊಳಗಿದ ಹಾಗೆ ನಾಲ್ಕು ಮೊಬೈಲುಗಳು ಮೊಳಗಿದವು. ನಾಲ್ವರೂ ಒಬ್ಬರ ಮಾತು ಒಬ್ಬರಿಗೆ ಕೇಳಿಸಬಾರದೆಂದು ನಾಲ್ಕು ದಿಕ್ಕಿಗೆ ಮುಖ ಮಾಡಿ, ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತರು. ಗುಡುಗಿದ ಗಂಟಲುಗಳು ಈಗ ಎಷ್ಟು ಸಣ್ಣಗಾದವೆಂದರೆ ಸಂತೆಯ ಗದ್ದಲದಲ್ಲಿ ಕಿವಿಗೊಟ್ಟು ಕೇಳಬೇಕಾಯಿತು.

ಸ್ವಾಮಿಗಳ ಮೇಲೆ ಮೂಲಮಠದ ದೊಡ್ಡ ಗುರುಗಳಿದ್ದರು, ಅವರು ಮೌನಾನುಷ್ಠಾನದಲ್ಲಿದ್ದರು. ಫೋನು ಹಿಡಿದವನು ಅವರ ಸೇವಕ. "ಅಜ್ಜಾರಿಗೆ ಕೇಳಿದೇನಪಾ? ಏನಂದ್ರು? ಗೋಣು ಹಾಕಿದ್ರಾ? ಹೂಂ ಅಂತ ಹಾಕಿದ್ರೋ, ಊಹೂಂ ಅಂತ ಹಾಕಿದ್ರೋ? ಸರಿಯಾಗಿ ನೋಡಿ ಹೇಳು ತಮ್ಮಾ, ನಿನ್ನ ಕಾಲಿಗೆ ಬೀಳ್ತೀವಿ." ಸೇವಕನಿಗೆ ತಿಳಿದಿರಲಿಲ್ಲ. ದೊಡ್ಡ ಗುರುಗಳು ನೊಣ ಓಡಿಸಿಕೊಂಡದ್ದೂ ಇರಬಹುದು ಎಂದನಂತೆ.

ಲಕ್ಷ್ಮೀನಾರಾಯಣನ ಗುಡಿ ಸರಕಾರದ ಮುಜರಾಯಿ ಇಲಾಖೆಗೆ ಸೇರಿದ್ದು. ಯಾವ ದೇವರು ಆಚಾರ್ಯರ ತಾತಂದಿರ ಕೈಯಿಂದಲ್ಲದೆ ತುಳಸಿ ಮುಡಿಯಲಾರನೋ, ಅದೇ ದೇವರು ತಹಶೀಲ್ದಾರರ ರುಜುವಿಲ್ಲದೆ ಎಣ್ಣೆದೀಪವನ್ನೂ ಹಚ್ಚಿಸಿಕೊಳ್ಳಲಾರ. "ಸರ್, ನಾನ್ರೀ, ಗುಡಿ ಪೂಜಾರಿ. ಇಲ್ರಿ ಸರ್, ಪೂಜಾ ಭತ್ಯದ ಸಲುವಾಗಿ ಅಲ್ರಿ. ಬ್ಯಾರೆ ವಿಷಯ. ಅರ್ಜಿ ಕೊಡಬೇಕೇನ್ರಿ? ಕೊಡ್ತೇನ್ರಿ. ಸಿಟ್ಟಾಗಬ್ಯಾಡ್ರಿ ಸರ್." ಬೆಳಿಗ್ಗೆ ವೇದಬ್ರಹ್ಮರಾಗಿ ಬಂದವರು ಫೋನಿನಲ್ಲಿ ತಾವಾಗಿಯೇ ಪೂಜಾರಿಯಾದದ್ದನ್ನು ಕಿವಿಗೊಟ್ಟಿದ್ದ ಸಂತೆಯವರೆಲ್ಲ ಕೇಳಿದರು.

ಸುಲ್ತಾನನೂ ಹಮಾಲನೂ ಒಂದೇ ಸಾಲಿನಲ್ಲಿ ನಿಲ್ಲುವ ಮಸೀದಿಯಲ್ಲಿ ಇಮಾಮರನ್ನು ನೇಮಿಸುವವರೂ ತೆಗೆಯುವವರೂ ಅಂಜುಮನ್ ಕಮಿಟಿಯವರು. ಕಮಿಟಿಯ ಅಧ್ಯಕ್ಷರು ಟೈರಿನ ಅಂಗಡಿಯ ಹಾಜಿ ದಾದಾಪೀರ್ ಕಿಲ್ಲೇದಾರರು. "ನೈ ಹಾಜಿ ಸಾಬ್, ಮೈ ಕುಚ್ ನೈ ಬೋಲ್ಯಾ" ಎನ್ನುತ್ತಿದ್ದರು ಮೌಲಾನಾ, ಅಂದರೆ ತಾವು ಏನೂ ಮಾತಾಡಿಯೇ ಇಲ್ಲ, ಸುಮ್ಮನೆ ನಿಂತಿದ್ದೇವೆ ಅಷ್ಟೆ. ಆ ಕಡೆಯಿಂದ ಟೈರಿಗೆ ಗಾಳಿ ತುಂಬುವ ಸದ್ದಿನ ನಡುವೆ ಹಾಜಿಯವರ ದನಿ ದೂರದವರೆಗೂ ಕೇಳುತ್ತಿತ್ತು. ಶುಕ್ರವಾರ ಕಮಿಟಿ ಕೂರುತ್ತದೆ, ಅಲ್ಲಿಯವರೆಗೆ ಯಾವುದಕ್ಕೂ ಹೂಂ ಅನ್ನಬಾರದು, ಊಹೂಂ ಅನ್ನಬಾರದು ಎಂದು ತೀರ್ಪಾಯಿತು.

"ಹಲೋ, ಬಿಷಪ್ ಹೌಸಾ? ನಾನು ಬೊನಿಫಾಸ್, ಕರಿಹೊಂಡದಿಂದ. ಅಲ್ಲ ಮಾರಾಯ್ರೆ, ಟ್ರಾನ್ಸ್‌ಫರ್ ಕೇಳ್ಲಿಕ್ಕೆ ಅಲ್ಲ. ಟ್ರಾನ್ಸ್‌ಫರ್ ಆಮೇಲೆ ಮಾತಾಡುವ. ಇಲ್ಲೊಂದು ಸಣ್ಣ ಪರ್ಮಿಶನ್ ಬೇಕಿತ್ತು. ಇಲ್ಲ, ಚಾಪೆಲ್ ಅಲ್ಲ, ಟಾಯ್ಲೆಟ್." ಸರಪಳಿಯ ಆ ಕೊಂಡಿ, ಕಾಗದದಲ್ಲಿ ಬರೆದು ಕಳಿಸಿ, ಸಭೆಯಲ್ಲಿ ಇಡುತ್ತೇವೆ ಎಂದಿತು.

ನಾಲ್ಕು ಬೆನ್ನುಗಳು ಗೇಟಿನ ಕಡೆಗಿದ್ದವು. ಮುಖ್ಯಾಧಿಕಾರಿ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತಿದ್ದರು. ಫಕೀರವ್ವ ಸ್ವಲ್ಪ ಹೊತ್ತು ಅತ್ತಿತ್ತ ನೋಡಿದಳು. ಅವಳಿಗೆ ಈ ಲೋಕವನ್ನು ತಿದ್ದುವ ಯಾವ ಉದ್ದೇಶವೂ ಇರಲಿಲ್ಲ, ತೊಡೆಗಳು ನಡುಗುತ್ತಿದ್ದವು ಅಷ್ಟೆ. ಬಗ್ಗಿದಳು. ದಿನವಿಡೀ ಬಗ್ಗಿ ಸೊಪ್ಪು ಕಟ್ಟುವವಳಿಗೆ ಬಗ್ಗುವುದು ಹೊಸದಲ್ಲ. ಕತ್ತರಿಯನ್ನು ಮುಟ್ಟಲಿಲ್ಲ, ಕೀಲಿಯನ್ನು ಎತ್ತಿಕೊಂಡಳು. ಎದೆಯ ಮಟ್ಟಕ್ಕೆ ಕಟ್ಟಿದ್ದ ರಿಬ್ಬನ್ನಿನ ಅಡಿಯಲ್ಲಿ ತಲೆ ತಗ್ಗಿಸಿ ನುಸುಳಿದಳು. ಬೀಗ ತೆಗೆದಳು. ಬಲಗಡೆಗೆ ಹೋದಳು, ಒಳಗಿನಿಂದ ಚಿಲಕ ಹಾಕಿಕೊಂಡಳು.

ಫೋನುಗಳು ಮುಗಿದು ವೀರರು ಇತ್ತ ತಿರುಗುವ ಹೊತ್ತಿಗೆ ಗೇಟು ತೆರೆದಿತ್ತು, ಒಳಗೆ ನಳದ ನೀರು ಬಕೆಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಮುಖ ತೊಳೆದುಕೊಂಡಿದ್ದಳು. ಆ ಮುಖದ ಮೇಲಿದ್ದ ನೆಮ್ಮದಿಯನ್ನು ನಾನು ಯಾವ ಮಠದಲ್ಲಿ, ಯಾವ ಗುಡಿಯಲ್ಲಿ, ಯಾವ ಮಸೀದಿಯಲ್ಲಿ, ಯಾವ ಚರ್ಚಿನಲ್ಲಿಯೂ ಕಂಡಿಲ್ಲ.

"ಯಾರ ಅಪ್ಪಣಿ ತಗೊಂಡು ಒಳಗ ಹೋದಿ?" ಎಂದು ಸ್ವಾಮಿಗಳು ಕೇಳಿದರು. ಆ ಪ್ರಶ್ನೆಯನ್ನು ಉಳಿದ ಮೂವರ ಕಣ್ಣುಗಳೂ ಕೇಳುತ್ತಿದ್ದವು.

"ಅಪ್ಪಣಿ ಬರೂಮಟ ತಡಕೊಳ್ಳಾಕ ಆಗಲಿಲ್ರಿ ಯಪ್ಪಾ" ಎಂದಳು ಫಕೀರವ್ವ.

ಸೋತೆನೆಂದು ಒಪ್ಪಿಕೊಳ್ಳುವ ಅಧಿಕಾರ ಅವರಲ್ಲಿ ಯಾರಿಗಿತ್ತು? ಸ್ವಾಮಿಗಳು ಬೇಗನೆ, ಅಮಾವಾಸ್ಯೆಗೊಮ್ಮೆ ಮಠದ ದಾಸೋಹದಲ್ಲಿ ಉಣ್ಣುವವಳು ಇವಳು, ಅಂದ ಮೇಲೆ ಮಠದ ಕೈಯಿಂದಲೇ ಉದ್ಘಾಟನೆ ಆದಂತೆ ಎಂದರು. ಗುಡಿಗೆ ದಿನಾ ತುಳಸಿ ತಂದು ಕೊಡುವವಳೇ ಇವಳು ಎಂದರು ಆಚಾರ್ಯರು. ಹೆಸರೇ ಫಕೀರವ್ವ, ಮೊಮ್ಮಗ ಚಳಿಜ್ವರದಲ್ಲಿ ಮಲಗಿದಾಗ ಸಂಜೆಯ ಹೊತ್ತು ಮಸೀದಿಯ ಮೆಟ್ಟಿಲಿಗೆ ತಂದು ದುವಾ ಊದಿಸಿಕೊಂಡು ಹೋದವಳು, ಇನ್ಯಾರವಳಾದಾಳು ಎಂದರು ಮೌಲಾನಾ. ಅದೇ ಮೊಮ್ಮಗನಿಗೆ ಮಾತ್ರೆ ಕೊಟ್ಟದ್ದು ನಮ್ಮ ಸಿಸ್ಟರುಗಳು ಎಂದರು ಫಾದರು. ಅರ್ಧ ಗಳಿಗೆಯ ಹಿಂದೆ ತಾಳಿಕೊ ಎನ್ನಿಸಿಕೊಂಡ ಹೆಂಗಸು ಈಗ ನಾಲ್ಕು ಧರ್ಮಗಳ ಹೆಮ್ಮೆಯ ಮಗಳಾಗಿ ನಿಂತಳು. ಅವಳಿಗೆ ಇದರಲ್ಲಿ ಒಂದೂ ಅರ್ಥವಾಗಲಿಲ್ಲ. ಗೇಟು ಎಳೆದು ಬೀಗ ಹಾಕಿ, ಕೀಲಿಯನ್ನು ಸೊಂಟದ ಎಲೆಯಡಿಕೆಯ ಸಂಚಿಗೆ ಸೇರಿಸಿದಳು.

ಹೊಸ ಕಾಳಗ ರಂಗೇರಬೇಕು, ಅಷ್ಟರಲ್ಲಿ ಸ್ವಾಮಿಗಳು ಮಾತಿನ ಮಧ್ಯೆ ನಿಂತರು. ಒಂದು ಕಾಲ ಮೇಲಿನ ಭಾರವನ್ನು ಇನ್ನೊಂದಕ್ಕೆ ಹಾಕಿದರು. ಫಾದರು ಕೈಗಡಿಯಾರ ನೋಡುವುದನ್ನು ಬಿಟ್ಟು ಗೇಟನ್ನು ನೋಡತೊಡಗಿದರು. ಮೌಲಾನಾ ಗಡ್ಡದ ಮೇಲಿನ ಕೈಯನ್ನು ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡರು. ಆಚಾರ್ಯರು ಬೆವರುತ್ತಿದ್ದರು. ತಲೆಗೆ ಮೂರು ಮೂರು ಎಳನೀರು, ಗೌರವದ ಎಳನೀರು, ಈಗ ಹೊರಗೆ ಬರಲು ದಾರಿ ಕೇಳುತ್ತಿತ್ತು. ಮಠ, ಗುಡಿ, ಮಸೀದಿ, ಚರ್ಚು ನಾಲ್ಕೂ ಕಣ್ಣಿಗೆ ಕಾಣುತ್ತಿದ್ದವು. ಅಷ್ಟು ದೂರ ನಡೆಯುವ ಧೈರ್ಯ ಒಬ್ಬರಿಗೂ ಇರಲಿಲ್ಲ.

"ಕೀಲಿ ಕೊಡವಾ ಸ್ವಲ್ಪ" ಎಂದರು ಸ್ವಾಮಿಗಳು ಮೆಲ್ಲಗೆ.

ಫಕೀರವ್ವ ಸಂಚಿಗೆ ಕೈ ಹಾಕಿದಳು. ಹಾಕಿದವಳು, ನಿಜವಾಗಿಯೂ ತಿಳಿಯಬೇಕೆಂದು ಕೇಳುವವಳ ಹಾಗೆ ಕೇಳಿದಳು: "ಮ್ಯಾಲಿನವ್ರದು ಅಪ್ಪಣಿ ಬಂತೇನ್ರಿ ಅಜ್ಜಾರ?"

ಸ್ವಾಮಿಗಳು ಗೇಟಿನ ಕಡೆಗೆ ಕೈ ಚಾಚಿದರು. ಅವಳು ಹೋಗಿ ಬೀಗ ತೆಗೆದು ಪಕ್ಕಕ್ಕೆ ಸರಿದಳು. ಆಗ, ಎಲೆ ವಾಗ್ದೇವಿಯೆ, ಬೆಳಿಗ್ಗೆಯಿಂದ ಒಂದು ಕತ್ತರಿಗಾಗಿ ಬಗ್ಗದ ಆ ನಾಲ್ಕು ಬೆನ್ನುಗಳು, ಪೀಠದ ಬೆನ್ನು, ವಂಶದ ಬೆನ್ನು, ಸರ್ವಸಮಾನತೆಯ ಬೆನ್ನು, ಮಹಾವಿನಯದ ಬೆನ್ನು, ನಾಲ್ಕೂ ರಿಬ್ಬನ್ನಿನ ಅಡಿಯಲ್ಲಿ ಒಟ್ಟೊಟ್ಟಿಗೆ ಬಗ್ಗಿ, ಒಬ್ಬರ ಬೆನ್ನಿಗೆ ಒಬ್ಬರು ಹಾಯ್ದುಕೊಂಡು, ಕಾವಿಯನ್ನೂ ನಿಲುವಂಗಿಯನ್ನೂ ಮೇಲಕ್ಕೆತ್ತಿಕೊಂಡು ಎಡಗಡೆಗೆ ಓಡಿದವು. ಯಾರು ಮೊದಲು ಒಳಗೆ ಹೋದರೆಂಬುದನ್ನು ಯಾರೂ ನೋಡಲಿಲ್ಲ, ಮುಂದೆ ಯಾರೂ ಕೇಳಲೂ ಇಲ್ಲ. ಆಚಾರ್ಯರ ಮೈಲಿಗೆ ಎಲ್ಲಿ ಸುರುವಾಯಿತೋ ಅವರಿಗೇ ಗೊತ್ತು.

ದೊಡ್ಡ ಗುರುಗಳ ಮೌನ ಮುರಿದಿಲ್ಲ. ಅರ್ಜಿ ತಹಶೀಲ್ದಾರರ ಮೇಜಿನ ಮೇಲಿದೆ. ಅಂಜುಮನ್ ಕಮಿಟಿ ಪ್ರತಿ ಶುಕ್ರವಾರ ಕೂರುತ್ತದೆ, ವಿಷಯವನ್ನು ಮುಂದಿನ ಶುಕ್ರವಾರಕ್ಕೆ ಹಾಕುತ್ತದೆ. ಫಾದರ್ ಬೊನಿಫಾಸರಿಗೆ ವರ್ಗವಾಯಿತು, ಅನುಮತಿ ಮಾತ್ರ ಬರಲಿಲ್ಲ. ಹೀಗಾಗಿ ಕಾಗದಪತ್ರಗಳ ಪ್ರಕಾರ ಕರಿಹೊಂಡದ ಶೌಚಾಲಯ ಇನ್ನೂ ಉದ್ಘಾಟನೆಯಾಗಿಲ್ಲ. ರಿಬ್ಬನ್ನು ಬಿಸಿಲಿಗೆ ಬಣ್ಣ ಕಳೆದುಕೊಂಡು ಹಾಗೆಯೇ ಇದೆ. ಸಂತೆಯ ಹೆಂಗಸರು ಅದನ್ನು ಒಂದು ಕೈಯಿಂದ ಮೇಲಕ್ಕೆತ್ತಿ, ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಕೀಲಿ ಫಕೀರವ್ವನ ಸಂಚಿಯಲ್ಲಿಯೇ ಉಳಿಯಿತು. ವಾಪಸು ಕೇಳಿದರೆ ಯಾರ ಕೈಗೆ ಕೊಡಬೇಕೆಂಬ ಮಾತು ಮತ್ತೆ ಏಳುತ್ತದೆಂದು ಮುಖ್ಯಾಧಿಕಾರಿ ಅದರ ಸುದ್ದಿಗೇ ಹೋಗಲಿಲ್ಲ. ಅವಳು ಈಗ ಮುಂಜಾನೆ ಒಂದು ಚೆಂಬು ಮಜ್ಜಿಗೆ ಕುಡಿಯುತ್ತಾಳೆ, ಬಿಸಿಲೇರಿದ ಮೇಲೆ ಇನ್ನೊಂದು ಚೆಂಬು ನೀರು.